ಒಬ್ಬನಿಗೆ ಒಂದೇ ದೋಣಿ

“ಒತ್ತಿ ಅಂದ್ರೆ ಒತ್ತಿ! ಎಷ್ಟು ಸಲ ಬಡ್ಕೊಳ್ಳಬೇಕು ನಾನು?”

“ಒತ್ತೋದಿಲ್ಲ. ನಿನ್ನಪ್ಪನೇ ಎದ್ದು ಬಂದು ಹೇಳಿದ್ರೂ ಒತ್ತೋದಿಲ್ಲ.”

“ನನ್ನಪ್ಪ ಸತ್ತು ಯಾವ ಕಾಲ ಆಯ್ತು! ಈಗ ಸಾಯ್ತಾ ಇರೋದು ನಿಮ್ಮ ಮಗ. ನಿಮ್ಮ ಮಗ ಮಾವ, ನನ್ನ ಗಂಡ!”

“ನಾಲಿಗೆ ಬಿಗಿ ಹಿಡಿ ಮಾದೇವಿ. ಇನ್ನೊಂದು ಸಲ ಅಂಥ ಮಾತು ಆಡಿದ್ರೆ ಹಲ್ಲು ಉದುರಿಸ್ತೆ.”

ಕೋಣಬೇಲೆ ಬಂದರಿನ ನಿಯಂತ್ರಣ ಕೊಠಡಿಯಲ್ಲಿ ಮೇಜಿನ ಈಚೆ ಅಲ್ಲಿ ಕೆಲಸಕ್ಕಿದ್ದ ಸೊಸೆ ಮಾದೇವಿ, ಆಚೆ ಮಾವ ಜಟ್ಟಯ್ಯ. ಮೇಜಿನ ಮೇಲೆ ಮಣೆಯಷ್ಟಗಲದ ಪರದೆ. ಪರದೆಯ ಕೆಳತುದಿಯಲ್ಲಿ ಹೆಬ್ಬೆರಳಿಗೆಂದು ಬಿಟ್ಟ ಚೌಕವೊಂದು ಮಿನುಗುತ್ತಲೇ ಇತ್ತು. ಹೊರಗೆ ನಡುಮಧ್ಯಾಹ್ನಕ್ಕೇ ಕತ್ತಲು ಕವಿದು, ಗಾಳಿ ಕಿಟಕಿಯ ಗಾಜುಗಳನ್ನು ಹಿಡಿದು ಅಲುಗಾಡಿಸುತ್ತಿತ್ತು.

ಜಟ್ಟಯ್ಯ ‘ಮಹಾಮಾಯಿ’ ದೋಣಿಯ ತಾಂಡೇಲ, ಅಂದರೆ ಕಡಲಿಗಿಳಿದ ಮೇಲೆ ಆ ದೋಣಿಯ ದೊರೆ. ಬೆಳಿಗ್ಗೆ ಗಾಳಿ ತಿರುಗಿದ್ದೇ ತಡ, ದೋಣಿಯನ್ನು ಅಳಿವೆಯೊಳಗೆ ತಂದು ಕಟ್ಟಿದ್ದ. ಕರೆದೊಯ್ದ ಆಳುಗಳೆಲ್ಲ ಅದರಲ್ಲಿರಲಿಲ್ಲ. ಗಾಳಿ ಏಳುವ ಮೊದಲು ‘ಸಾಗರಲಕ್ಷ್ಮಿ’ಯ ಬಲೆಗೆ ಬಂಗಡೆಯ ಹಿಂಡೇ ಬಿದ್ದು, ಎಳೆಯಲು ಕೈ ಸಾಲದೆ ಆ ದೋಣಿಯವರು ಬಟ್ಟೆ ಬೀಸಿದ್ದರು. ಬಟ್ಟೆ ಬೀಸಿದರೆ ಹೋಗಲೇಬೇಕು. ಹಗೆಯವನು ಬೀಸಿದರೂ ಹೋಗಬೇಕು. ಜಟ್ಟಯ್ಯನ ಮಗ ಹೊನ್ನಪ್ಪ, ಅವನ ಜೊತೆಯ ಉಮಾಕಾಂತ, ಹಿರಿಯ ದಾಕು ಮೂವರೂ ಆ ದೋಣಿಗೆ ಹಾರಿಕೊಂಡರು. ಆಮೇಲೆ ಗಾಳಿ ಬಂತು, ದೋಣಿಗಳು ಚದುರಿದವು, ‘ಸಾಗರಲಕ್ಷ್ಮಿ’ ಮಗುಚಿಕೊಂಡಿತು.

ಮಗುಚಿದ ದೋಣಿಯ ಕಡೆಗೆ ಬಂದರಿನ ರಕ್ಷಣಾ ನಾವೆಯೊಂದು ತಾನಾಗಿಯೇ ಓಡಿತ್ತು. ಈ ನಾವೆಗಳಲ್ಲಿ ಆಳಿಲ್ಲ, ಚುಕ್ಕಾಣಿಯಿಲ್ಲ, ಹಾಯಿಯಿಲ್ಲ. ಮೀನುಗಾರರು ಅವಕ್ಕೆ ಇಟ್ಟ ಹೆಸರು ‘ಮೊಂಡ’. ಮೊಂಡ ಹೋಗಿ ‘ಸಾಗರಲಕ್ಷ್ಮಿ’ಯ ಆರು ಜನರನ್ನು ಎತ್ತಿಕೊಂಡಿತು. ಆ ದೋಣಿಯ ಜನ ಆರು, ಸಿಕ್ಕಿದ್ದು ಆರು. ಲೆಕ್ಕ ಸರಿಯಾಯಿತಲ್ಲ, ತಿರುಗಿ ಹೊರಟಿತು. ಒಳಗಿದ್ದವರು ಮೊಂಡದ ಗೋಡೆಗೆ ಗುದ್ದಿ, “ಇನ್ನೂ ಮೂವರಿದ್ದಾರೆ, ಬಲೆಯ ಬೆಂಡು ಹಿಡ್ಕೊಂಡಿದ್ದಾರೆ, ನಿಲ್ಸೋ!” ಎಂದು ಅರಚಿದ್ದು ಮಾದೇವಿಗೆ ಧ್ವನಿಪೆಟ್ಟಿಗೆಯಲ್ಲಿ ಕೇಳಿಸಿತ್ತು. ಮೊಂಡಕ್ಕೆ ಎಲ್ಲಿಯ ಕಿವಿ? ಅದಕ್ಕೆ ಗೊತ್ತಿರುವುದು ಪರದೆಯ ಮಾತೊಂದೇ. ಪರದೆಯಲ್ಲಿ ಹೊನ್ನಪ್ಪ, ಉಮಾಕಾಂತ, ದಾಕು ಮೂವರೂ ‘ಮಹಾಮಾಯಿ’ಯವರು, ‘ಮಹಾಮಾಯಿ’ ದಡದಲ್ಲಿದೆ, ಆದ್ದರಿಂದ ಅವರೂ ದಡದಲ್ಲಿದ್ದಾರೆ.

ದಡದಲ್ಲಿರಲಿಲ್ಲ. ಅವರ ಮುಂಗೈಗೆ ಕಟ್ಟಿದ ಗುರುತಿನ ಕಡಗಗಳು ಕಡಲಿನಿಂದ ಕೂಗುತ್ತಲೇ ಇದ್ದವು. ಆ ಕೂಗು ಬಂದರನ್ನು ಮುಟ್ಟುತ್ತಲೂ ಇತ್ತು. ಪರದೆಯ ಮೂಲೆಯಲ್ಲಿ, ‘ತಪ್ಪು ಸಂಕೇತ’ ಎಂಬ ಸಾಲಿನ ಕೆಳಗೆ, ಮೂರು ಬೂದು ಚುಕ್ಕೆಗಳು.

ಒಂದೇ ದಾರಿ ಉಳಿದಿತ್ತು. ಆ ಮೂವರ ಹೆಸರನ್ನು ‘ಮಹಾಮಾಯಿ’ಯಿಂದ ಬಿಡಿಸಿ ‘ಸಾಗರಲಕ್ಷ್ಮಿ’ಗೆ ಹಾಕಬೇಕು. ಹಾಕಿದ ಕೂಡಲೇ ಆ ದೋಣಿಯಲ್ಲಿ ಮೂವರು ಕಡಿಮೆ ಎಂದು ಮೊಂಡಕ್ಕೆ ತಿಳಿದು, ಅದು ಹಿಂದಿರುಗುತ್ತದೆ. ಸೇರಿಸಿಕೊಳ್ಳಲು ‘ಸಾಗರಲಕ್ಷ್ಮಿ’ಯ ತಾಂಡೇಲ ಮೊಂಡದೊಳಗಿನ ಪರದೆಯಲ್ಲೇ ಬೆರಳು ಒತ್ತಿಬಿಟ್ಟಿದ್ದ. ಬಿಟ್ಟುಕೊಡಲು ಜಟ್ಟಯ್ಯ ಒತ್ತಬೇಕಿತ್ತು.

“ಕಡಲ ಮೇಲಿದ್ದವನ ಹೆಸರನ್ನ ದೋಣಿಯಿಂದ ಯಾವಾಗ ತೆಗೀತಾರೆ ಹೇಳು,” ಎಂದ ಜಟ್ಟಯ್ಯ. “ನೀನೂ ಇದೇ ದಡದಲ್ಲಿ ಹುಟ್ಟಿದವಳಲ್ಲವೇನೇ? ಯಾವಾಗ ತೆಗೀತಾರೆ?”

ಮಾದೇವಿಗೆ ಅದು ಗೊತ್ತಿತ್ತು. ಸತ್ತಾಗ ತೆಗೆಯುತ್ತಾರೆ. ದಡ ಸೇರಿದ ಮೇಲೆ ಜಗಳವಾಡಿ ಬಿಡಿಸಿಕೊಂಡು ಹೋಗಬಹುದು, ಇನ್ನೊಂದು ದೋಣಿ ಸೇರಬಹುದು. ಆದರೆ ಆಳು ನೀರಿನ ಮೇಲಿರುವಾಗ ತಾಂಡೇಲ ಅವನ ಹೆಸರು ಬಿಟ್ಟರೆ, ಕಡಲಿಗೆ ಅವನನ್ನು ಕೊಟ್ಟ ಹಾಗೆ.

“ನನ್ನ ಮಗನನ್ನ ನಾನೇ ಕೊಡಬೇಕಾ? ನಿಂಗೆ ಮಳ್ಳು ಹಿಡಿದದೆ,” ಎಂದು ಜಟ್ಟಯ್ಯ ಬಾಗಿಲನ್ನು ದೂಡಿಕೊಂಡು ಮಳೆಗೆ ಇಳಿದ.

*

ಮಾದೇವಿ ಕಂಪ್ಯೂಟರ್ ಪಂಡಿತೆಯೇನಲ್ಲ. ಪಂಡಿತೆಯಾಗಬೇಕಾಗಿಯೂ ಇರಲಿಲ್ಲ; ‘ಜೋಡಣೆ’ ಬಂದಿದ್ದೇ ಅದಕ್ಕೆ. ಹಿಂದೆಲ್ಲ ಒಂದು ಕಚೇರಿಗೆ ಪರದೆ ಬೇಕೆಂದರೆ ಊರಿಲ್ಲದ ಊರಿಂದ ಯಾರೋ ಬರಬೇಕು, ಮೂರು ಸಲ ತಪ್ಪು ಮಾಡಬೇಕು, ನಾಲ್ಕನೆಯ ಸಲ ಫೋನ್ ಎತ್ತುವುದನ್ನು ನಿಲ್ಲಿಸಬೇಕು. ಜೋಡಣೆಯಲ್ಲಿ ಹಾಗಿಲ್ಲ. ಅದೊಂದು ಸಲಕರಣೆಯ ಪೆಟ್ಟಿಗೆ. ದೋಣಿಯ ಚಿತ್ರ ಎಳೆದು ಇಡು. ಮನುಷ್ಯನ ಚಿತ್ರ ಎಳೆದು ಇಡು. ಎರಡರ ನಡುವೆ ಬೆರಳಿನಿಂದ ಗೆರೆ ಎಳೆ. ಗೆರೆಯ ಈ ತುದಿಯಲ್ಲಿ ಒಂದೋ ಹಲವೋ, ಆ ತುದಿಯಲ್ಲಿ ಒಂದೋ ಹಲವೋ, ಅಷ್ಟು ಹೇಳು. ಕೆಳಗಿನ ದತ್ತಾಂಶದ ಉಗ್ರಾಣ, ಮೇಲಿನ ಗುಂಡಿ, ನಕ್ಷೆ ಎಲ್ಲವನ್ನೂ ಅದೇ ಕಟ್ಟಿಕೊಳ್ಳುತ್ತದೆ. ಆಮೇಲೆ ಆ ಗೆರೆಯನ್ನು ದೇವರ ಆಣೆಯಂತೆ ಕಾಯುತ್ತದೆ. ಗೆರೆಗೆ ಒಗ್ಗದ ಸುದ್ದಿ ಬಂದರೆ ಸುದ್ದಿಯೇ ಸುಳ್ಳು ಎಂದು ಮೂಲೆಗೆ ತಳ್ಳುತ್ತದೆ.

ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಯಂತ್ರಗಳನ್ನೂ ನೇರವಾಗಿ ಜೋಡಣೆಗೇ ಕಟ್ಟಿಬಿಟ್ಟರು. ನಡುವೆ ಮನುಷ್ಯನಿದ್ದರೆ ತಡ, ಲಂಚ, ಮರೆವು ಎಂದರು. ಮೊದಮೊದಲು ಮೊಂಡಗಳನ್ನು ಕೈಯಾರೆ ನಡೆಸಲು ಬರುತ್ತಿತ್ತು. ಯಾರೋ ದೊಡ್ಡವರ ಅಳಿಯ ಅದರ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಮದುವೆಯ ಫೋಟೋ ತೆಗೆಸಿಕೊಂಡ ದಿನವೇ ಅದಕ್ಕೂ ಬೀಗ ಹಾಕಿದರು. ಹಳೆಯ ರಕ್ಷಣಾ ದೋಣಿಯನ್ನು ಒಡೆದು ಸೌದೆ ಮಾಡಿದರು. ದಡ್ಡತನಕ್ಕೆ ಹೊಸ ಅಂಗಿ ತೊಡಿಸಿದರೆ ಅದನ್ನು ಸುಧಾರಣೆ ಅನ್ನುತ್ತಾರೆ.

ಕೋಣಬೇಲೆಯ ಪರದೆ ಕಟ್ಟುವಾಗ ಮಾದೇವಿ ತನ್ನಷ್ಟಕ್ಕೆ ಏನೂ ಮಾಡಿರಲಿಲ್ಲ. ಬಲೆ ಹೆಣೆಯುವ ಚಪ್ಪರದಲ್ಲಿ ಸಭೆ ಸೇರಿಸಿ, ಬಿಳಿ ಪಂಚೆ ಕಟ್ಟಿ, ಅದರ ಮೇಲೆ ಚಿತ್ರ ಬಿಟ್ಟು ಒಂದೊಂದನ್ನೇ ಕೇಳಿದ್ದಳು.

“ಒಂದು ದೋಣಿಗೆ ಎಷ್ಟು ಜನ?”

“ಹಲವು!” ಎಂದರು ಎಲ್ಲರೂ.

“ಒಬ್ಬ ಮನುಷ್ಯನಿಗೆ ಎಷ್ಟು ದೋಣಿ?”

ಚಪ್ಪರ ಗೊಳ್ಳೆಂದಿತು. “ಎರಡು ದೋಣಿಗೆ ಕಾಲು ಹಾಕಿದವನ ಪಂಚೆ ಎಲ್ಲಿ ಹರೀತದೆ ಗೊತ್ತಿಲ್ಲವೇನೇ ನಿಂಗೆ?” ಎಂದ ಉಮಾಕಾಂತ. ಹಿಂದಿನಿಂದ ಯಾರೋ, “ಹೆಂಡತಿ ಬೇಕಾದ್ರೆ ಎರಡು ಬರ್ಕೋ ಮಾರಾಯ್ತಿ, ದೋಣಿ ಮಾತ್ರ ಒಂದೇ!” ಎಂದರು. ಆ ನಗುವಿನ ನಡುವೆ ಜಟ್ಟಯ್ಯ ಎದ್ದು ನಿಂತ. ಅವನು ನಗಲಿಲ್ಲ. “ಒಬ್ಬನಿಗೆ ಒಂದೇ ದೋಣಿ. ಹೊರಟ ದೋಣಿಯಿಂದಲೇ ಪಾಲು, ಹೊರಟ ದೋಣಿಯಲ್ಲೇ ಹೆಸರು. ಎರಡು ಕಡೆ ಹೆಸರಿದ್ದವನು ಕಳ್ಳ. ಹಾಕು ಒಂದು,” ಎಂದ.

ಅವಳು ಒಂದು ಎಂದು ಹಾಕಿದಳು.

ಬಟ್ಟೆ ಬೀಸಿದಾಗ ಜನ ದೋಣಿಯಿಂದ ದೋಣಿಗೆ ಹಾರುತ್ತಾರೆ ಎಂಬುದು ಚಪ್ಪರದಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಮರೆತಿದ್ದರಿಂದಲ್ಲ. ಕಡಲಲ್ಲಿ ಕೈಕೊಡಲು ಹೋದದ್ದನ್ನು ಇಲ್ಲಿಯ ಜನ ಆಡುವುದಿಲ್ಲ, ಬರೆಯುವುದಿಲ್ಲ, ಎಣಿಸುವುದಿಲ್ಲ. ‘ನಿನ್ನ ನೆರವಿಗೆ ನಾನು ಬಂದಿದ್ದೆ’ ಎಂದವನ ಮುಖಕ್ಕೆ ಉಗಿಯುತ್ತಾರೆ. ಎಣಿಸಬಾರದ್ದಕ್ಕೆ ಗೆರೆ ಎಳೆಯಬೇಕೆಂದು ಮಾದೇವಿಗೂ ತೋಚಲಿಲ್ಲ. ಹೊರಗಿನಿಂದ ಬಂದ ಯಾವನೋ ಆಗಿದ್ದರೆ ಪೆದ್ದನ ಹಾಗೆ ಕೇಳಿಯಾದರೂ ಬಿಡುತ್ತಿದ್ದ.

*

ಮಾವ ಹೋದ ಮೇಲೆ ಮಾದೇವಿ ಜೋಡಣೆಯ ಸಹಾಯವಾಣಿಗೆ ಫೋನ್ ಹಚ್ಚಿದಳು. ತಣ್ಣಗಿನ ಧ್ವನಿಯ ಒಬ್ಬ ಹೆಂಗಸು ಸಿಕ್ಕಳು.

“ಗೆರೆಯ ತುದಿಯನ್ನು ಒಂದರಿಂದ ಹಲವು ಮಾಡಬಹುದು ಮೇಡಂ. ಪರದೆಯಲ್ಲಿ ಬಲಗಡೆ...”

“ಎಲ್ಲಿ ಅಂತ ಗೊತ್ತಿದೆ. ಮಾಡಿದ್ರೆ ಏನಾಗ್ತದೆ ಹೇಳಿ.”

“ಆ ಗೆರೆಯ ಕೆಳಗಿನ ಅಷ್ಟೂ ದಾಖಲೆಯನ್ನು ಜೋಡಣೆ ಮತ್ತೆ ತಾಳೆ ನೋಡುತ್ತದೆ. ಮುಗಿಯುವವರೆಗೆ ಅದಕ್ಕೆ ಕಟ್ಟಿದ ಯಂತ್ರಗಳೆಲ್ಲ ನಿಂತಲ್ಲೇ ನಿಲ್ಲುತ್ತವೆ.”

“ಎಷ್ಟು ಹೊತ್ತು?”

“ಸಂಜೆಯವರೆಗೆ ಆಗಬಹುದು.”

ಉಳಿದ ಮೊಂಡಗಳು ಆಗಲೇ ಬೇರೆ ಬೇರೆ ದೋಣಿಗಳ ಕಡೆ ಓಡುತ್ತಿದ್ದವು. ಗೆರೆ ಮುಟ್ಟಿದರೆ ಅವೂ ಅಲೆಯ ಮೇಲೆ ಬೆಂಡಿನಂತೆ ನಿಲ್ಲುತ್ತವೆ. ಆ ದೋಣಿಗಳಲ್ಲಿ ಯಾರ ಗಂಡ, ಯಾರ ಅಣ್ಣ ಇದ್ದಾರೆಂದು ಅವಳಿಗೆ ಹೆಸರು ಹೆಸರಾಗಿ ಗೊತ್ತು.

“ಮಧ್ಯದಲ್ಲಿ ಒಬ್ಬ ಮನುಷ್ಯ ಕೈ ಹಾಕೋಕೆ ಏನಾದ್ರೂ ದಾರಿ?”

“ಇಲ್ಲ ಮೇಡಂ. ಸುರಕ್ಷತೆಯ ದೃಷ್ಟಿಯಿಂದ.”

“ನಿಮ್ಮ ಸುರಕ್ಷತೆಗೆ ಬೆಂಕಿ ಬೀಳ,” ಎಂದು ಮಾದೇವಿ ಫೋನ್ ಕುಕ್ಕಿದಳು. ಪರದೆಯನ್ನು ಮೇಜಿನಿಂದ ಕಿತ್ತು, ಸೆರಗಿನೊಳಗೆ ಅವಚಿಕೊಂಡು ಮನೆಯ ಕಡೆ ಓಡಿದಳು.

*

ಮನೆಯ ಜಗಲಿಯ ಮೇಲೆ ಜಟ್ಟಯ್ಯ ಒದ್ದೆ ಮೈಯಲ್ಲೇ ಗೋಡೆಗೆ ಮುಖ ಮಾಡಿ ಕೂತಿದ್ದ. ಅತ್ತೆ ತುಳಸಕ್ಕ ಒಳಗೆ ದೀಪ ಹಚ್ಚಿ, ಅದು ಗಾಳಿಗೆ ಆರದಂತೆ ಎರಡೂ ಕೈ ಅಡ್ಡ ಹಿಡಿದಿದ್ದಳು. ದಾಕುವಿನ ಹೆಂಡತಿ ಸುಬ್ಬಿ ಹೊಸ್ತಿಲ ಮೇಲೆ. ಸುದ್ದಿ ಆಗಲೇ ಊರು ಸುತ್ತಿತ್ತು.

“ಮಾವ, ಮೊಂಡ ದೂರ ಬರ್ತಾ ಇದೆ. ಬಂದಷ್ಟೂ ಮತ್ತೆ ಹೋಗೋದಕ್ಕೆ ತಡ. ಒತ್ತಿ.”

“ಮುಟ್ಟಬೇಡ್ವೋ ಜಟ್ಟಣ್ಣ!” ಎಂದಳು ಸುಬ್ಬಿ. “ನನ್ನ ಗಂಡ ನಿನ್ನ ದೋಣಿಯಲ್ಲಿ ತಲೆ ನೆರೆಸಿದ್ದಾನೆ. ಈಗ ಅವನ ಹೆಸರು ಅಳಿಸ್ತೀಯಾ? ಬಿಟ್ಟ ಹೆಸರು ತಿರುಗಿ ಬಂದದ್ದುಂಟಾ?”

“ಸುಬ್ಬಕ್ಕ, ಇದು ಹೆಸರಲ್ಲ, ಬರೀ ಪರದೆ...”

“ಬರೀ ಪರದೆ ಆದ್ರೆ ಅದು ಎಂತಕ್ಕೆ ನಿನ್ನ ಮಾತು ಕೇಳೋದಿಲ್ಲ?” ಜಟ್ಟಯ್ಯ ಗರ್ರನೆ ತಿರುಗಿದ. “ಸಭೆಯಲ್ಲಿ ಪಂಚೆ ಕಟ್ಟಿ ಬೊಂಬೆ ಕುಣಿಸಿದೆಯಲ್ಲ, ಆಗ ಹೇಳಬೇಕಿತ್ತು, ಹೀಗೆ ಹಾಕಿದ್ರೆ ನಿಮ್ಮ ಮಕ್ಕಳು ಸಾಯ್ತಾರೆ ಅಂತ! ಕಲಿತವಳು ನೀನು. ನಾನು ಹೆಬ್ಬೆಟ್ಟು.”

“ಒಂದು ಹಾಕು ಅಂತ ಎದ್ದು ನಿಂತು ಕೂಗಿದ್ದು ಯಾರು?”

“ಕೂಗಿದ್ದನ್ನೆಲ್ಲ ಹಾಕ್ತೀಯಾ?”

“ನೀವು ಕೂಗಿದ್ರೆ ಈ ಮನೆಯಲ್ಲಿ ಇನ್ನೊಬ್ಬರ ಮಾತು ನಡೆದದ್ದುಂಟಾ?”

ಹೀಗೆ ಮಾತಿಗೆ ಮಾತು ಬೆಳೆಯಿತು. ಮಾದೇವಿಗೆ ತಾನು ಜಗಳವಾಡುತ್ತಿದ್ದೇನೆಂಬುದೂ, ಜಗಳವಾಡಬಾರದೆಂಬುದೂ ಗೊತ್ತಿತ್ತು. ಆದರೂ ನಾಲಿಗೆ ನಿಲ್ಲಲಿಲ್ಲ. ಹಳೆಯದೆಲ್ಲ ಬಂತು. ಮದುವೆಯಲ್ಲಿ ಆಡಿದ್ದು, ಮಕ್ಕಳಾಗದ್ದಕ್ಕೆ ಆಡಿದ್ದು, ಅವಳು ಕಚೇರಿ ಸೇರಿದಾಗ ಅವನು ವರ್ಷವಿಡೀ ಮಾತು ಬಿಟ್ಟದ್ದು. ತುಳಸಕ್ಕ ಒಳಗಿನಿಂದ, “ಸಾಕು ಮಾಡ್ರೋ, ಸಾಕು ಮಾಡ್ರೋ,” ಎನ್ನುತ್ತಲೇ ಇದ್ದಳು. ಪರದೆಯ ಮೂಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದ ಬೂದು ಚುಕ್ಕೆಗಳು ಸ್ವಲ್ಪ ದೂರ ಸರಿದವು.

ಮಾದೇವಿ ಅದನ್ನು ನೋಡಿ ಸಟ್ಟನೆ ಸುಮ್ಮನಾದಳು. ಕೊರಳಿಗೆ ಕೈ ಹಾಕಿ ಕರಿಮಣಿಯನ್ನು ತಲೆಯ ಮೇಲಿಂದ ತೆಗೆದು ಜಗಲಿಯ ಮೇಲೆ ಇಟ್ಟಳು.

“ಏನ್ ಮಾಡ್ತಾ ಇದ್ದೀಯೇ ಮೂದೇವಿ!” ತುಳಸಕ್ಕ ದೀಪ ಬಿಟ್ಟು ಓಡಿಬಂದಳು. ದೀಪ ಆರಿತು.

“ಸತ್ತವನ ಹೆಸರು ತೆಗೀಬಹುದಲ್ಲ ಮಾವ? ಆಯ್ತು. ನನ್ನ ಗಂಡ ಸತ್ತ. ಅವನ ಹೆಂಡತಿ ನಾನೇ ಹೇಳ್ತಾ ಇದ್ದೇನೆ. ಪಾಪ ಇದ್ರೆ ನನಗಿರಲಿ. ಇನ್ನು ನೀವು ತೆಗೆದ್ರೆ ದೋಷ ಇಲ್ಲ. ಒತ್ತಿ.”

ಜಟ್ಟಯ್ಯ ಕರಿಮಣಿಯನ್ನು ನೋಡಿದ, ಅವಳ ಬರಿಗೊರಳನ್ನು ನೋಡಿದ. ಅವನ ಗಂಟಲಿನಿಂದ ಬಂದದ್ದು ಮನುಷ್ಯರ ಸದ್ದಾಗಿರಲಿಲ್ಲ. ಹೆಬ್ಬೆರಳನ್ನು ಪಂಚೆಗೆ ಒರೆಸಿ ಚೌಕಕ್ಕೆ ಒತ್ತಿದ. ಮೂರು ಸಲ ಒತ್ತಬೇಕಿತ್ತು, ಮೂರೂ ಒತ್ತಿದ. ಆಮೇಲೆ ಆ ಬೆರಳನ್ನು ಮತ್ತೊಂದು ಕೈಯಲ್ಲಿ ಮುಚ್ಚಿ ಹಿಡಿದುಕೊಂಡ.

ಪರದೆಯ ಮೇಲೆ ಮೊಂಡ ನಿಂತಿತು. ಮೂಗು ತಿರುಗಿಸಿತು.

*

ಮೊಂಡ ತಂದದ್ದು ಇಬ್ಬರನ್ನು. ಉಮಾಕಾಂತನಿಗೆ ಎಚ್ಚರವಿರಲಿಲ್ಲ. ಹೊನ್ನಪ್ಪ ತಾನೇ ನಡೆದು ಇಳಿದ. ಸುಬ್ಬಿ ಮೊಂಡದೊಳಗೆ ಇಣುಕಿ, ಆಮೇಲೆ ಹೊನ್ನಪ್ಪನ ಹಿಂದೆ ನೋಡಿ, ಆಮೇಲೆ ಕಡಲನ್ನು ನೋಡಿದಳು. ಯಾರೂ ಅವಳಿಗೆ ಹೇಳಬೇಕಾಗಲಿಲ್ಲ.

ಜಟ್ಟಯ್ಯ ಮಗನ ಹತ್ತಿರ ಹೋಗಲಿಲ್ಲ. ದೋಣಿ ಕಟ್ಟುವ ದಕ್ಕೆಯ ಕಂಬ ಹಿಡಿದು ನಿಂತವನು, ಮಗ ಎದುರಿಗೆ ಬಂದಾಗ ಮುಖ ಆಚೆ ಮಾಡಿದ.

ಮಳೆ ನಿಂತ ಮೇಲೆ ಮಾದೇವಿ ಗೆರೆಯನ್ನು ತಿದ್ದಿದಳು. ಈಗ ಮನುಷ್ಯನಿಗೂ ದೋಣಿಗೂ ನಡುವೆ ಎರಡು ಗೆರೆ. ಯಾವ ದೋಣಿಯವನು ಎಂಬುದಕ್ಕೆ ಒಂದು, ಈಗ ಯಾವುದರಲ್ಲಿದ್ದಾನೆ ಎಂಬುದಕ್ಕೆ ಇನ್ನೊಂದು. ಸಭೆಯಲ್ಲಿ ಯಾರೂ ನಗಲಿಲ್ಲ, ಎದುರಾಡಲಿಲ್ಲ. ತಲೆ ಬಗ್ಗಿಸಿ ಹೂಂ ಎಂದು ಎದ್ದುಹೋದರು. ಇಷ್ಟು ಸುಲಭದ ಕೆಲಸವಾಗಿತ್ತು.

ಹೊನ್ನಪ್ಪನ ಹೆಸರು ‘ಸಾಗರಲಕ್ಷ್ಮಿ’ಯಲ್ಲಿ ಉಳಿದಿತ್ತು. ಆ ದೋಣಿ ಕಡಲ ತಳದಲ್ಲಿತ್ತು. ‘ಮಹಾಮಾಯಿ’ಗೆ ಮರಳಿ ಹಾಕಲು ಪರದೆಯ ಅಡ್ಡಿಯೇನೂ ಇರಲಿಲ್ಲ, ತಾಂಡೇಲನ ಬೆರಳು ಬೇಕಿತ್ತು. ಮಾದೇವಿ ಎರಡು ಸಲ ಪರದೆ ತಂದು ಮುಂದೆ ಹಿಡಿದಳು. ಜಟ್ಟಯ್ಯ ಎದ್ದುಹೋದ. ಬೇರೆ ದೋಣಿಯವರನ್ನು ಕೇಳಿದರೆ, “ಅಯ್ಯೋ ಬಾರೋ ಹೊನ್ನಪ್ಪ, ನಿಂಗೇನು ಬೇಡ ಅಂತೀವಾ, ಈ ಸಲ ಆಳು ತುಂಬಿದ್ದಾರೆ,” ಎಂದರು. ತುಂಬಿರಲಿಲ್ಲ. ಕಡಲಿಗೆ ಕೊಟ್ಟ ಆಳನ್ನು ತಮ್ಮ ದೋಣಿಗೆ ಹತ್ತಿಸಿಕೊಂಡು ಸಾಯುವವರು ಯಾರು? ಉಮಾಕಾಂತ ಆಸ್ಪತ್ರೆಯಿಂದಲೇ ಸೀದಾ ಹೆಂಡತಿಯ ತವರಿಗೆ ಹೋಗಿಬಿಟ್ಟ.

ಹೊನ್ನಪ್ಪ ಮಾತಾಡುತ್ತಿರಲಿಲ್ಲ. ಉಣ್ಣುತ್ತಿದ್ದ, ಮಲಗುತ್ತಿದ್ದ. ಹೆಂಡತಿ ಮತ್ತೆ ಕರಿಮಣಿ ಹಾಕಿಕೊಂಡಿದ್ದಳು. ತುಳಸಕ್ಕ ಅದನ್ನು ಅರಿಶಿನದ ನೀರಲ್ಲಿ ತೊಳೆದು ತಾನೇ ಹಾಕಿಸಿದ್ದಳು. ಅವನು ಅದನ್ನು ನೋಡಿಯೂ ನೋಡದ ಹಾಗಿದ್ದ.

ಒಂದು ಮಧ್ಯಾಹ್ನ ಅಪರೂಪಕ್ಕೆ ನಾಲ್ವರೂ ಮನೆಯಲ್ಲಿದ್ದರು. ತುಳಸಕ್ಕ ಸಾರು ಬಡಿಸುತ್ತಿದ್ದಳು. ಹೊನ್ನಪ್ಪ ಅನ್ನ ಕಲಸುತ್ತಾ, ತಲೆ ಎತ್ತದೆ ಹೇಳಿದ:

“ದಾಕಣ್ಣನ ಕೈ ನನ್ನ ಕೈಯಲ್ಲೇ ಇತ್ತು.”

ಅವನು ಕಲಸುವುದನ್ನು ನಿಲ್ಲಿಸಿದ.

“ಬೆಂಡು ಮೂವರನ್ನ ತಡೀತಿರಲಿಲ್ಲ. ಅವನ ಕಾಲಿಗೆ ಸೆಳೆತ ಬಂತು. ನಾನು ಹಿಡ್ಕೊಂಡಿದ್ದೆ. ‘ಬಿಡ್ಬೇಡ ದಾಕಣ್ಣ, ಮೊಂಡ ಬರ್ತದೆ, ನನ್ನ ಹೆಂಡ್ತಿ ಅಲ್ಲೇ ಕೂತಿದ್ದಾಳೆ, ನೋಡ್ತಾ ಇದ್ದಾಳೆ’ ಅಂತ ಹೇಳ್ತಾನೇ ಇದ್ದೆ. ಹೇಳಿ ಹೇಳಿ ನಂಗೇ ಸಾಕಾಯ್ತು. ಅವನು ಜಾರಿದ. ಅವನು ಜಾರಿ ಒಂದು ಬೀಡಿ ಸೇದುವಷ್ಟು ಹೊತ್ತಾಗಿರಲಿಲ್ಲ, ಮೊಂಡ ಕಂಡಿತು.” ಅವನು ತಲೆ ಎತ್ತಿದ. “ನಾವು ನೀರಲ್ಲಿದ್ದದ್ದು ನಿಂಗೆ ಯಾವಾಗ ಗೊತ್ತಾಯ್ತು ಮಾದೇವಿ?”

“ಗೊತ್ತಾದ ಕೂಡಲೇ ನಿಮ್ಮ ಅಪ್ಪನ್ನ ಕರೆಸಿದೆ. ಓಡಿ ಬಂದ್ರು, ಆದ್ರೆ...”

“ಆದ್ರೆ?”

“ಒತ್ತೋದಿಲ್ಲ ಅಂದ್ರು.”

“ಅಪ್ಪಾ?”

“ಒತ್ತಿದೆನಲ್ಲ,” ಎಂದ ಜಟ್ಟಯ್ಯ. “ಕೊನೆಗೆ ಒತ್ತಿದೆ.”

“ಕೊನೆಗೆ. ಅಲ್ಲೀವರೆಗೆ ಎಂತ ಮಾಡ್ತಾ ಇದ್ರಿ ನೀವಿಬ್ಬರೂ?”

ತುಳಸಕ್ಕನ ಕೈಯ ಸೌಟು ನಿಂತಿತು. ಅವಳು ಸುಳ್ಳು ಹೇಳಲಾರದ ಹೆಂಗಸು. “ಜಗಳ ಆಡ್ತಾ ಇದ್ರು ಮಗಾ,” ಎಂದಳು.

“ನಾನಾಗಿ ಆಡಿದ್ನಾ?” ಜಟ್ಟಯ್ಯ ಎಂಜಲು ಕೈಯನ್ನೇ ನೆಲಕ್ಕೆ ಬಡಿದ. “ಕಚೇರಿಯಲ್ಲೇ ಬಿಡಿಸಿ ಹೇಳಿದ್ರೆ ಮುಗೀತಿತ್ತು. ‘ನಿಮ್ಮ ಮಗ ಸಾಯ್ತಾ ಇದ್ದಾನೆ’ ಅಂತ ಅಪಶಕುನ ನುಡಿದವಳು ಯಾರು? ಅದು ಕೇಳಿದ ಮೇಲೆ ನನ್ನ ಕೈ ಎದ್ದೀತಾ?”

“ಬಿಡಿಸಿ ಹೇಳಲಿಲ್ಲವಾ ನಾನು? ಎಷ್ಟು ಸಲ ಹೇಳಿದೆ! ನಿಮ್ಮ ಕಿವಿಗೆ ಹೆಂಗಸಿನ ಮಾತು ಇಳಿದ್ರೆ ತಾನೇ?”

“ಗೆರೆ ಎಳೆದವಳು ನೀನು!”

“ಎಳೆಸಿದವರು ನೀವು!”

“ಮದುವೆಯಾಗಿ ಬಂದಾಗಿನಿಂದ ನಿನ್ನದು ಇದೇ ಬುದ್ಧಿ. ಒಂದಕ್ಕೆ ಎರಡು ಆಡೋದು...”

“ಆಡದೆ ಏನ್ ಮಾಡ್ಲಿ? ನಾನು ಕರಿಮಣಿ ತೆಗೀದೆ ಇದ್ದಿದ್ರೆ ಇವತ್ತು ನಿಮ್ಮ ಮಗ ಇರ್ತಿರಲಿಲ್ಲ. ನೆನಪಿರಲಿ!”

“ನಾನು ಒತ್ತದೆ ಇದ್ದಿದ್ರೆ ಇರ್ತಿರಲಿಲ್ಲ. ನೀನೇ ನೆನಪಿಟ್ಕೋ!”

ಮಾದೇವಿಯ ಕಣ್ಣು ಉರಿಯುತ್ತಿತ್ತು. ಎದುರಿಗೆ ಮಾವನ ಮುಖವೊಂದೇ ಕಾಣುತ್ತಿತ್ತು. ಆ ಮುಖದ ನರ, ಬಿಳಿ ಮೀಸೆ, ಅಲುಗುವ ಬಾಯಿ. ಈ ಮನುಷ್ಯನ ಬಾಯಿಂದ ‘ತಪ್ಪು ನನ್ನದು’ ಎಂಬ ಒಂದು ಮಾತು ಇವತ್ತು ಹೊರಡಿಸದೆ ಬಿಡುವುದಿಲ್ಲ ಎಂದು ಅವಳಿಗೆ ಹಟ ಬಂದಿತ್ತು. ಅವನಿಗೂ ಅದೇ ಹಟ. ಹೇಳಿದರು, ಮತ್ತೆ ಹೇಳಿದರು, ಹೇಳಿದ್ದನ್ನೇ ಕೂಗಿ ಹೇಳಿದರು. ಅನ್ನ ಆರಿತು.

“ಕೇಳಿ ಬೇಕಾದ್ರೆ, ಇವರನ್ನೇ ಕೇಳಿ!” ಎಂದು ಮಾದೇವಿ ಗಂಡನ ಕಡೆ ಕೈ ತೋರಿದಳು.

ಅಲ್ಲಿ ಮಣೆ ಇತ್ತು. ಕಲಸಿದ ಅನ್ನ ತಟ್ಟೆಯಲ್ಲಿ ಹಾಗೇ ಇತ್ತು.

ತುಳಸಕ್ಕ ಬಾಗಿಲ ಹತ್ತಿರ ನಿಂತಿದ್ದಳು. “ಹೋದ,” ಎಂದಳು. “ಆಗಲೇ ಹೋದ. ಕೈ ತೊಳ್ಕೊಂಡು, ಚಪ್ಪಲಿ ಮೆಟ್ಕೊಂಡು ಹೋದ. ನಾನು ಕೂಗಿದೆ. ನಿಮ್ಮ ಗಲಾಟೆಯಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ.”

ಮಾದೇವಿ ಹೊರಗೆ ಓಡಿದಳು. ದಕ್ಕೆಯ ದಾರಿಯಲ್ಲಿ ಯಾರೂ ಇರಲಿಲ್ಲ. ಘಟ್ಟದ ಕಡೆಯ ರಸ್ತೆಯಲ್ಲಿ ಬಸ್ಸೊಂದು ಎಬ್ಬಿಸಿ ಹೋದ ಧೂಳು ಇನ್ನೂ ಕೆಳಗಿಳಿದಿರಲಿಲ್ಲ. ಜಟ್ಟಯ್ಯ ಅವಳ ಹಿಂದೆಯೇ ಬಂದು, ಏದುಸಿರು ಬಿಡುತ್ತಾ ನಿಂತ.

“ಬರ್ತಾನೆ,” ಎಂದ ಅವನು. “ಸಂಜೆಗೆ ಬರ್ತಾನೆ.”

ಸಂಜೆಗೆ ಬರಲಿಲ್ಲ. ಮೀನಿನ ಹಂಗಾಮು ಮುಗಿದು, ದೋಣಿಗಳನ್ನು ಮರಳಿಗೆ ಎಳೆದು ಗರಿ ಹೊದಿಸಿದ ಮೇಲೂ ಬರಲಿಲ್ಲ.